ಬೊಂಬಾಯಿ ಭಾವನ ಗಾಳದ ಕೋಲು

ಕಾಪು ಪಡು
3-10-1978

ಪ್ರಿಯ ಮೌರಿಸ್,

ಕೆಳಗಿನ ಸಹಿ ನೋಡುವವರೆಗೆ ಈ ಕಾಗದ ಯಾರದೆಂದು ನಿನಗೆ ಗೊತ್ತಾಗಲಿಕ್ಕಿಲ್ಲ. ಅಕ್ಷರ ಓರೆಕೋರೆಯಾಗಿದೆ, ಪೆನ್ನು ಸರಿ ಇಲ್ಲ. ಕಾಪು ಶಾಲೆಯಲ್ಲಿ ನಿನ್ನ ಪಕ್ಕದಲ್ಲಿ ಕುಳಿತು ನಿನ್ನ ಲೆಕ್ಕ ನೋಡಿ ಬರೆಯುತ್ತಿದ್ದ ಗುಣಪಾಲ ನಾನು. ನನ್ನ ಮದುವೆಗೆ ಬಂದು ಹೋದವನು ನೀನು, ಆಮೇಲೆ ಕಾರ್ಕಳದಿಂದ ಇಳಿಯಲಿಲ್ಲ. ನಾನೂ ಬಸ್ಸು ಹತ್ತಲಿಲ್ಲ.

ಕೊಡೆ ರಿಪೇರಿಯ ಜೊತೆಗೆ ನೀನು ಊರುಗೋಲು, ಗಾಳದ ಕೋಲು ಕೂಡ ಮಾಡಿ ಕೊಡುತ್ತೀಯೆಂದು ಇಲ್ಲಿ ಬಸ್ಸು ನಿಲ್ಲುವಲ್ಲಿ ಅಂಗಡಿ ಇಟ್ಟಿರುವ ಮೇಬಲ್ ಬಾಯಿ ಹೇಳಿದರು. ಒಂದು ಗಾಳದ ಕೋಲು ಬೇಕು. ನನಗಲ್ಲ. ಕಮಲಳ ಅಣ್ಣ ಬೊಂಬಾಯಿಯಿಂದ ಬಂದಿದ್ದಾನೆ. ಲೈಟ್‌ಹೌಸಿನ ಹಿಂದಿನ ಬಂಡೆಯ ಮೇಲೆ ಕುಳಿತು ಗಾಳ ಹಾಕುವ ಹುಚ್ಚು ಅವನಿಗೆ. ಪೇಟೆಯವರ ಚಟ. ಊರಿಗೆ ಊರೇ ಹಗ್ಗ ಹಿಡಿದು ರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ನಮ್ಮ ಕೇರಿಯಲ್ಲಿ, ಒಬ್ಬನೇ ಗಾಳ ಹಿಡಿದು ಕುಳಿತವನನ್ನು ಎಂತ ಹೇಳುತ್ತಾರೆಂದು ನಿನಗೆ ಗೊತ್ತುಂಟು. ಕೆಲಸವಿಲ್ಲದ ಆಚಾರಿ ಮಗುವಿನ ಕುಂಡೆ ಕೆತ್ತಿದ ಎನ್ನುತ್ತಾರೆ. ಆದರೆ ಹೆಂಡತಿಯ ಅಣ್ಣ, ಇಲ್ಲವೆನ್ನಲು ಆಗುವುದಿಲ್ಲ.

ಕುವೈಟಿನಿಂದ ಬಂದ ಹಳೆಯ ರೀಲು ಒಂದನ್ನು ಇದರ ಜೊತೆ ಕಂಡಕ್ಟರನ ಕೈಯಲ್ಲಿ ಕಳಿಸಿದ್ದೇನೆ. ಅದಕ್ಕೆ ಹೊಂದುವ ಕೋಲಾಗಲಿ. ಹಗುರವಾಗಿರಲಿ. ಹಿಡಿದು ಕುಳಿತರೆ ನನಗೆ, ಅಂದರೆ ಭಾವನಿಗೆ, ಕೈ ಸೋಲಬಾರದು.

ಈ ವಿಷಯವನ್ನು ನಮ್ಮ ಊರಿನವರು ಯಾರಾದರೂ ಸಿಕ್ಕಿದರೆ ಹೇಳಬೇಡ. ಭಾವನಿಗೆ ನಾಚಿಕೆ.

ನಿನ್ನ ಹಳೆಯ ಬೆಂಚಿನವ,
ಗುಣಪಾಲ


ಕಾರ್ಕಳ
11-10-1978

ಗುಣಪಾಲ ಮಾರಾಯ,

ಅಕ್ಷರ ನೋಡಿ ಮೊದಲು ಯಾವುದೋ ಮಗುವಿನದೆಂದು ತಿಳಿದೆ. ನಿನ್ನ ಅಕ್ಷರ ದುಂಡು ದುಂಡಾಗಿ ಮುತ್ತು ಪೋಣಿಸಿದ ಹಾಗಿತ್ತು, ಮೇಷ್ಟರು ಎಲ್ಲರಿಗೂ ತೋರಿಸುತ್ತಿದ್ದರು. ಪೆನ್ನನ್ನು ಕಡಲಿಗೆ ಎಸೆದು ಹೊಸತು ತೆಗೆದುಕೋ.

ನಿನ್ನ ಕಾಗದ ಓದುತ್ತಿದ್ದಂತೆ ನಿನ್ನ ಅಪ್ಪ ಅಂಗಾರಣ್ಣ ಕಣ್ಣಮುಂದೆ ಬಂದರು. ರಂಪಣಿಯ ಯಜಮಾನರು, ದಡದಲ್ಲಿ ನಿಂತು ಕೂಗಿದರೆ ಪೇಟೆಗೆ ಕೇಳುತ್ತಿತ್ತು. ನನ್ನ ಅಪ್ಪ ತೀರಿಹೋದ ವರ್ಷ ಶಾಲೆ ಬಿಟ್ಟ ಕೂಡಲೇ ನಾನು ದಡಕ್ಕೆ ಓಡಿ ಬರುತ್ತಿದ್ದೆ, ನೆನಪುಂಟಾ? ಎಳೆಯುವುದೆಲ್ಲಿ ಬಂತು, ಹಗ್ಗಕ್ಕೆ ನೇತಾಡುತ್ತಿದ್ದೆ. ಆದರೂ ಅಂಗಾರಣ್ಣ, “ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲು! ಆ ಕಿರಿಸ್ತಾನ ಪೊರ್ಬುಗಳ ಮಗುವಿಗೂ ಕೊಡಿ!” ಎಂದು ಕೂಗಿ ನನ್ನ ಟೊಪ್ಪಿ ತುಂಬ ಬೂತಾಯಿ ಹಾಕಿಸುತ್ತಿದ್ದರು. ಆ ಮೀನಿನಲ್ಲಿ ನಮ್ಮ ಮನೆಯ ಒಲೆ ಉರಿಯಿತು. ಟೊಪ್ಪಿಯ ವಾಸನೆಗೆ ಇಗರ್ಜಿಯಲ್ಲಿ ನನ್ನ ಪಕ್ಕ ಯಾರೂ ಕುಳಿತುಕೊಳ್ಳುತ್ತಿರಲಿಲ್ಲ.

ಕೋಲು ಮಾಡುತ್ತೇನೆ. ಇಲ್ಲಿ ಘಟ್ಟದ ಬುಡದಿಂದ ಸಪೂರ ಬಿದಿರು ಬರುತ್ತದೆ, ಒಳ್ಳೆಯದು. ಆದರೆ ಗಾಳದ ಕೋಲು ಚಪ್ಪಲಿಯ ಹಾಗೆ. ಕಾಲು ನೋಡದೆ ಹೊಲಿದರೆ ಕಚ್ಚುತ್ತದೆ. ಭಾವನನ್ನು ಒಮ್ಮೆ ಕಳಿಸು. ಕೈ ನೋಡಬೇಕು.

ಪ್ರೀತಿಯಿಂದ,
ಮೌರಿಸ್


ಕಾಪು ಪಡು
6-11-1978

ಪ್ರಿಯ ಮೌರಿಸ್,

ಭಾವನಿಗೆ ಬರಲು ಪುರುಸೊತ್ತಿಲ್ಲ. ಅದನ್ನು ಕಾಗದದಲ್ಲಿ ಬರೆಯುವ ಮೊದಲೇ ನಿನ್ನ ಕೋಲು ಬಂದು ಮುಟ್ಟಿತು. ನಿನಗೆ ಅವಸರ ಹೆಚ್ಚು, ಶಾಲೆಯಲ್ಲೂ ಹಾಗೇ ಇದ್ದಿ.

ಕೋಲು ಚಂದ ಉಂಟು. ರೇಷ್ಮೆ ದಾರ ಸುತ್ತಿದ್ದು, ಕೊಡೆಯ ತಂತಿ ಬಗ್ಗಿಸಿ ಗಾಳದ ದಾರ ಹಾಯಲು ಬಳೆ ಮಾಡಿದ್ದು, ಎಲ್ಲ ಚಂದ. ಆದರೆ ಭಾವನಿಗೆ ಹೊಂದಲಿಲ್ಲ. ಹಿಡಿದರೆ ತುದಿ ನೀರಿಗೆ ಬಾಗುತ್ತದೆ, ಎತ್ತಿ ಹಿಡಿಯಬೇಕಾದರೆ ಮಣಿಕಟ್ಟು ನೋಯುತ್ತದೆ. ಹಿಡಿ ಸಪೂರವಾಯಿತು. ಭಾವನಿಗೆ ವಾತದ ತೊಂದರೆ ಉಂಟು, ಬೆರಳು ಸರಿಯಾಗಿ ಮಡಚುವುದಿಲ್ಲ. ರೀಲಿನ ಹಿಡಿಯನ್ನು ಎಡಬದಿಗೆ ಮಾಡು, ಅವನು ಎಡಚ. ಮೊನ್ನೆ ಕೋಲು ಕೈಜಾರಿ ಬಂಡೆಯ ಸಂದಿಗೆ ಬಿತ್ತು. ತೆಗೆಯಲು ಹೋಗಿ ಮೊಣಕಾಲು ತರಚಿತು. ಭಾವನದ್ದು.

ಇದನ್ನು ನಿನ್ನ ತಪ್ಪೆಂದು ಹೇಳುತ್ತಿಲ್ಲ. ಆದರೆ ಅವನಿಗೆ ಈ ಕೋಲು ಬೇಕೇ ಬೇಕು. ದಿನಾ ಬಂಡೆಯವರೆಗೆ ಹೋಗಿ ಬರಿಗೈಯಲ್ಲಿ ಬರುವುದೆಂದರೆ ಗಂಡಸಾದವನಿಗೆ ತಲೆ ಎತ್ತಲು ಆಗುವುದಿಲ್ಲ. ಅದೂ ಹೆಂಡತಿ ದುಡಿದು ತರುವ ಮನೆಯಲ್ಲಿ.

ಕೋಲು ವಾಪಸು ಕಳಿಸಿದ್ದೇನೆ.

ಇಂತು,
ಗುಣಪಾಲ


ಕಾರ್ಕಳ
20-11-1978

ಗುಣಪಾಲ,

ನಿನ್ನ ಭಾವನದು ವಿಚಿತ್ರ ಕೈ ಮಾರಾಯ. ಎಡಚನಾದರೆ ಕೋಲನ್ನು ಎಡಗೈಯಲ್ಲಿ ಹಿಡಿದು ರೀಲನ್ನು ಬಲಗೈಯಲ್ಲಿ ಸುತ್ತಬೇಕು. ರೀಲನ್ನು ಎಡಗೈಯಲ್ಲಿ ಸುತ್ತುತ್ತಾನೆಂದರೆ ಕೋಲು ಬಲಗೈಯಲ್ಲಿ. ಆ ಬಲಗೈಯ ಬೆರಳು ಮಡಚುವುದಿಲ್ಲ. ಸರಿ, ನಾನು ಪ್ರಶ್ನೆ ಕೇಳುವುದಿಲ್ಲ. ಕೊಡೆ ಮುರಿದದ್ದು ಗಾಳಿಗೋ, ಗಂಡಹೆಂಡಿರ ಜಗಳಕ್ಕೋ ಎಂದು ರಿಪೇರಿಯವನು ಕೇಳಬಾರದು.

ನಾನು ಕೋಲನ್ನು ಒಂದು ಬೆರಳಿನ ಮೇಲೆ ಅಡ್ಡ ಮಲಗಿಸಿ ನೋಡುತ್ತೇನೆ. ಅತ್ತ ಇತ್ತ ತೂಗದೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಅದರ ತೂಕದ ನಡು. ಅದು ಹಿಡಿಯ ಹತ್ತಿರ ಬಂದರೆ ಕೈಗೆ ಸುಖ. ನಿನಗೆ ಮಾಡಿದ್ದರಲ್ಲಿ ಅದು ಬಹಳ ಮುಂದೆ ಇತ್ತು. ಗಟ್ಟಿ ಮುಷ್ಟಿಯವನಿಗೆ ಅಷ್ಟು ನಡೆಯುತ್ತದೆ, ನೀನು ಹೇಳಿದ ಕೈಗೆ ನಡೆಯುವುದಿಲ್ಲ.

ಆ ಕೈ ಹೇಗಿರಬಹುದೆಂದು ನೋಡಲು ಮೊನ್ನೆ ಭಾನುವಾರ ಪೂಜೆ ಮುಗಿಸಿ ಬಂದವನು ಹೆಂಡತಿ ಡುಲ್ಸಿನಳ ಹತ್ತಿರ ಬಲಗೈ ಬೆರಳುಗಳನ್ನು ಬಟ್ಟೆಯಿಂದ ಬಿಗಿದು ಕಟ್ಟಿಸಿಕೊಂಡು ಆನೆಕೆರೆಗೆ ಹೋದೆ. ಹೆಬ್ಬೆರಳು ಮಾತ್ರ ಹೊರಗೆ. ಅರ್ಧ ಪೇಟೆ ನೋಡಲು ಬಂತು. “ಎಂತಾಯ್ತು ಮೌರಿಸ್ ಪೊರ್ಬುಗಳೇ, ಕೈಗೆ?” ಎಂದು ಯಾರೋ ಕೇಳಿದರೆ ನನ್ನ ಹೆಂಡತಿ, “ಕೈಗೆ ಎಂತದೂ ಆಗ್ಲಿಲ್ಲ, ತಲೆಗೆ ಆದದ್ದು” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಗುಣಪಾಲ, ನೀರಿಗೆ ದಾರ ಎಸೆದ ಮೇಲೆ ನಗು ನಿಂತಿತು. ಕೋಲು ಹಿಡಿಯಲು ಆಗಲೇ ಇಲ್ಲ. ಕೈ ನನ್ನದೇ, ಆದರೆ ಹೇಳಿದ ಮಾತು ಕೇಳುವುದಿಲ್ಲ. ಮನೆಗೆ ಬಂದು ಬಟ್ಟೆ ಬಿಚ್ಚಿದ ಮೇಲೆ ಸುಮಾರು ಹೊತ್ತು ಬೆರಳು ಮಡಚಿ ಬಿಡಿಸಿ ನೋಡುತ್ತ ಕುಳಿತೆ.

ಹಿಡಿಯನ್ನು ಹಿಂದಕ್ಕೆ ಉದ್ದ ಮಾಡಿ ಮುಂಗೈಗೆ ಆನಿಸುವ ಹಾಗೆ ಮಾಡಬೇಕು. ತೋಳಿಗೊಂದು ತೊಗಲಿನ ಪಟ್ಟಿ. ಆಗ ಭಾರ ಬೆರಳಿಗಲ್ಲ, ತೋಳಿಗೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಅಳತೆ ಬೇಕು. ಬುಡಕ್ಕೆ ತುಂಬಲು ಸ್ವಲ್ಪ ಸೀಸವೂ ಬೇಕು, ಇಲ್ಲಿ ಸಿಗುವುದಿಲ್ಲ.

ಪ್ರೀತಿಯಿಂದ,
ಮೌರಿಸ್


ಕಾಪು ಪಡು
2-12-1978

ಮೌರಿಸ್,

ನೀನು ಕೆರೆಯ ಬದಿ ತಮಾಷೆ ಮಾಡಿದ್ದು ನನಗೆ ಹಿಡಿಸಲಿಲ್ಲ. ಯಾರಾದರೂ ಯಾಕೆಂದು ಕೇಳಿ, ನೀನು ಕಾಪುವಿನ ಹೆಸರು ಹೇಳಿದ್ದರೆ?

ಅಳತೆಗೆ ದಾರ ಕಳಿಸಿದ್ದೇನೆ. ಗಂಟಿನಿಂದ ಗಂಟಿಗೆ ನೋಡು. ಭಾವ ಮಧ್ಯಾಹ್ನ ಮಲಗಿದ್ದಾಗ ಅಳೆದದ್ದು, ಎಚ್ಚರವಿದ್ದರೆ ಅಳೆಯಲು ಬಿಡುವ ಜನ ಅಲ್ಲ.

ಸೀಸದ ಗುಂಡುಗಳನ್ನು ಚೀಲದಲ್ಲಿ ಹಾಕಿದ್ದೇನೆ. ನಮ್ಮ ಬಲೆಯವು. ರಂಪಣಿಗೆ ಮನೆ ಮನೆಯಿಂದ ಬಲೆಯ ತುಂಡು ಸೇರಿಸಿ ಒಂದು ಮಾಡುತ್ತಾರಲ್ಲ, ನಮ್ಮ ತುಂಡು ಈಗ ನಮ್ಮ ಅಟ್ಟದಲ್ಲಿ ಉಂಟು. ಯಾಕೆ ಮನೆಗೆ ಬಂತೆಂದು ಕೇಳಬೇಡ. ಇಲಿ ಕಡಿಯುವುದಕ್ಕಿಂತ ಸೀಸವಾದರೂ ಉಪಯೋಗಕ್ಕೆ ಬರಲಿ.

ಲೀಲಾಧರನ ನೆನಪುಂಟಾ, ನಮಗಿಂತ ಎರಡು ಕ್ಲಾಸು ಕೆಳಗಿದ್ದವನು? ಈಗ ರಂಪಣಿಗೆ ಅವನೇ ಯಜಮಾನ. ಬಲೆ ಎಳೆದ ದಿನವೆಲ್ಲ ಬುಟ್ಟಿ ಹಿಡಿದು ನಮ್ಮ ಜಗಲಿಗೆ ಬರುತ್ತಾನೆ. ಬೇಡವೆಂದರೂ ಇಟ್ಟು ಹೋಗುತ್ತಾನೆ. ನನಗೆ ಅವನ ಮುಖ ಕಂಡರೆ ಆಗುವುದಿಲ್ಲ.

ಕೋಲು ಬೇಗ ಆಗಲಿ.

ಗುಣಪಾಲ


ಕಾರ್ಕಳ
8-1-1979

ಗುಣಪಾಲ ಮಾರಾಯ,

ಹೊಸ ವರ್ಷಕ್ಕೆ ಕೋಲು ತಯಾರು! ಹಿಡಿಗೆ ಬೆಂಡು ಸುತ್ತಿ ಮೇಲೆ ಹತ್ತಿ ದಾರ ಬಿಗಿದು ಅರಗು ಹಚ್ಚಿದ್ದೇನೆ, ಒದ್ದೆ ಕೈಗೂ ಜಾರುವುದಿಲ್ಲ. ಮುಂಗೈ ಕೂರುವಲ್ಲಿ ಬೆತ್ತ ಬಗ್ಗಿಸಿ ತೊಟ್ಟಿಲಿನ ಹಾಗೆ ಮಾಡಿ, ಡುಲ್ಸಿನಳ ಹಳೆಯ ಕೋಟಿನ ಮೆತ್ತನೆಯ ಬಟ್ಟೆ ಹೊಲಿದಿದೆ. ಪಟ್ಟಿಯನ್ನು ಒಂದೇ ಕೈಯಲ್ಲಿ ಬಿಗಿಯಬಹುದು, ಬಿಚ್ಚಬಹುದು. ನಿನ್ನ ಸೀಸ ಅಷ್ಟನ್ನೂ ಬುಡಕ್ಕೆ ಹೊಯ್ದೆ. ಈಗ ಬೆರಳ ಮೇಲೆ ಇಟ್ಟರೆ ತಕ್ಕಡಿಯ ಹಾಗೆ ನಿಲ್ಲುತ್ತದೆ, ರೀಲಿನ ಸರೀ ಮೇಲೆ. ನನ್ನ ಕೈಯಿಂದ ಇದಕ್ಕಿಂತ ಒಳ್ಳೆಯ ಕೆಲಸ ಆಗಲಿಲ್ಲ, ಇನ್ನು ಆಗುವುದೂ ಇಲ್ಲ.

ನಮ್ಮಲ್ಲಿ ಕೊಡೆ ರಿಪೇರಿ ಆದ ಮೇಲೆ ಬಿಳಿ ಪೈಂಟಿನಲ್ಲಿ ಯಜಮಾನನ ಹೆಸರು ಬರೆದೇ ಕೊಡುವುದು. ಇಲ್ಲದಿದ್ದರೆ ಇಗರ್ಜಿಯ ಜಗಲಿಯಲ್ಲಿ ಕಪ್ಪು ಕೊಡೆಗಳೆಲ್ಲ ಅದಲುಬದಲು. ಭಾವನ ಹೆಸರನ್ನು ನೀನು ಒಂದು ಕಾಗದದಲ್ಲೂ ಬರೆಯಲಿಲ್ಲ. ಹಾಗಾಗಿ ನನಗೆ ಗೊತ್ತಿರುವ ಹೆಸರು ಬರೆದಿದ್ದೇನೆ. ಅಳತೆಯ ದಾರದ ಗಂಟಿನಲ್ಲಿ ಹಲ್ಲಿನ ಗುರುತು ಇತ್ತು ಮಾರಾಯ. ಎರಡು ಕೈ ಸರಿ ಇದ್ದವನು ಗಂಟನ್ನು ಹಲ್ಲಿನಿಂದ ಬಿಗಿಯುವುದಿಲ್ಲ.

ನಾಳೆ ಬೆಳಗ್ಗಿನ ಬಸ್ಸಿನಲ್ಲಿ ಮೇಬಲ್ ಬಾಯಿಯ ಅಂಗಡಿಗೆ ಬರುತ್ತದೆ. ಮೊದಲ ಮೀನು ಯಾವುದೆಂದು ಬರೆ.

ಹೆಮ್ಮೆಯಿಂದ,
ಮೌರಿಸ್


ಕಾರ್ಕಳ
15-2-1979

ಗುಣಪಾಲ,

ಕೋಲು ಮುಟ್ಟಿತಾ? ಕಂಡಕ್ಟರ್ ಕೊಟ್ಟೆ ಎನ್ನುತ್ತಾನೆ. ಒಂದು ಸಾಲು ಬರೆ. ಬೈದಾದರೂ ಬರೆ.

ಮೌರಿಸ್


ಕಾಪು ಪಡು
1-3-1979

ಮೌರಿಸಣ್ಣನಿಗೆ ಕಮಲ ಬರೆಯುವುದು.

ನಾನು ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ಸರಿ ಮಾಡಿ ಓದಿಕೊಳ್ಳಿ. ಇವರಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ.

ನನಗೆ ಅಣ್ಣ ಇಲ್ಲ, ತಮ್ಮ ಇಲ್ಲ. ನಾವು ಬರೀ ಹೆಣ್ಣುಮಕ್ಕಳು. ಮದುವೆಯಲ್ಲಿ ಹುಡುಗಿಯ ಬದಿಯಿಂದ ಓಡಾಡಲು ಗಂಡುಮಕ್ಕಳಿಲ್ಲವೆಂದು ನೀವೇ ಎಲೆ ಹಾಸಿದ್ದಿರಿ. ಹಾಗಿರುವಾಗ ನಿಮಗೆ ಮೊದಲ ಕಾಗದಕ್ಕೇ ಗೊತ್ತಾಗಿರಬೇಕು.

ಎರಡು ವರ್ಷದ ಹಿಂದೆ ಕಡಲಲ್ಲಿ ಮೀನು ಕಡಿಮೆಯಾಯಿತು. ದೊಡ್ಡ ಇಂಜಿನಿನ ಬೋಟುಗಳು ಬಂದು ದೂರದಲ್ಲೇ ಬಾಚಿಕೊಂಡು ಹೋಗುತ್ತವೆ, ರಂಪಣಿಗೆ ಎಂತ ಉಳಿಯುವುದು? ಇವರು ಎಲ್ಲರಿಗಿಂತ ಮುಂದೆ ನಿಂತು ಆ ಬೋಟುಗಳನ್ನು ಬೈದವರು. ಕಡೆಗೆ ಮನೆಯಲ್ಲಿ ಅಕ್ಕಿಗೆ ಗತಿಯಿಲ್ಲದಾಗ ಯಾರಿಗೂ ಹೇಳದೆ ಬಲೆಯ ತುಂಡು ಬಿಚ್ಚಿ ತಂದು ಅಟ್ಟಕ್ಕೆ ಹಾಕಿ, ಮಲ್ಪೆಗೆ ಹೋಗಿ ಅಂಥದ್ದೇ ಬೋಟು ಹತ್ತಿದರು. ಹಗ್ಗ ಸುತ್ತುವ ಯಂತ್ರಕ್ಕೆ ಬಲಗೈ ಸಿಕ್ಕಿತು. ಹೆಬ್ಬೆರಳು ಬಿಟ್ಟರೆ ಉಳಿದದ್ದು ಉಪಯೋಗಕ್ಕಿಲ್ಲ.

ಆದರೆ ಕೇರಿಯವರು ಒಂದು ಮಾತು ಆಡಲಿಲ್ಲ. ಲೀಲಾಧರ ಬಂದು ದಡಕ್ಕೆ ಕರೆದುಕೊಂಡು ಹೋಗಿ ಎಡಗೈಯನ್ನು ಹಗ್ಗದ ಮೇಲೆ ಇಡಿಸಿ, ಪಾಲು ಕೊಟ್ಟ. ಅವತ್ತಿನಿಂದ ಇವರು ದಡಕ್ಕೆ ಹೋಗುವುದು ಬಿಟ್ಟರು. ಅವರು ಬೈದಿದ್ದರೆ ಬದುಕುತ್ತಿದ್ದೆ ಎಂದರು. ಪಾಲಿನ ಮೀನು ಬೇಯಿಸಿದ ದಿನ ಇವರು ಬರೀ ಗಂಜಿ, ಉಪ್ಪಿನಕಾಯಿ ಉಣ್ಣುತ್ತಾರೆ. ನಾನು ಬುಟ್ಟಿ ಹೊತ್ತು ಶಿರ್ವದವರೆಗೆ ಮೀನು ಮಾರಿ ಬರುತ್ತೇನೆ, ನನ್ನ ಗಂಡನ ಬಾಯಿಗೆ ಒಂದು ಮೀನಿಲ್ಲ. ತಾನೇ ಹಿಡಿದ ಮೀನಾದರೆ ಉಣ್ಣುತ್ತೇನೆಂದು ಹಟ. ಅದಕ್ಕೆ ನಿಮ್ಮ ಕೋಲು.

ಕೋಲು ಬಂದ ದಿನ ಅಂಗಡಿಯ ಹತ್ತಿರ ತುಂಬ ಜನ ಇದ್ದರು, ಲೀಲಾಧರನೂ ಇದ್ದ. ಯಾರೋ ಹೆಸರನ್ನು ಗಟ್ಟಿಯಾಗಿ ಓದಿದರು. ಗುಣಪಾಲ ಸಾಲ್ಯಾನ್, ಕಾಪು. “ಎಂತ ಗುಣಪಾಲಣ್ಣ, ಅಂಗಾರಣ್ಣನ ಮಗ ರಂಪಣಿ ಬಿಟ್ಟು ಗಾಳಕ್ಕೆ ಇಳಿದ್ರಾ?” ಎಂದು ಒಬ್ಬ ಹುಡುಗಾಟಕ್ಕೆ ಕೇಳಿದ. ಇವರು, “ನನ್ನದಲ್ಲ, ಬೊಂಬಾಯಿ ಭಾವನದ್ದು” ಎಂದರಂತೆ. ಹೆಸರು ಅಷ್ಟು ದೊಡ್ಡದಾಗಿ ಕಾಣುತ್ತಿತ್ತು ಅಣ್ಣ. ಮೇಬಲ್ ಬಾಯಿ ಮುಖ ಆಚೆ ತಿರುಗಿಸಿದರಂತೆ. ಇವರು ಮನೆಗೆ ಬಂದು ಚೂರಿಯಿಂದ ಹೆಸರನ್ನು ಕೆರೆದು ತೆಗೆದರು. ಎಡಗೈಯಲ್ಲಿ ಕೆರೆದದ್ದು, ಬಿದಿರಿಗೂ ಗಾಯವಾಗಿದೆ. ಈಗ ಕೋಲು ಅಟ್ಟದಲ್ಲಿ ಬಲೆಯ ಮೇಲೆ ಉಂಟು.

ನೀವು ಕೆಟ್ಟದ್ದಕ್ಕೆ ಮಾಡಿದ್ದಲ್ಲ. ಆದರೆ ಹೆಸರು ಯಾಕೆ ಬರೆದಿರಿ?

ಕಮಲ


ಕಾರ್ಕಳ
12-3-1979

ಗುಣಪಾಲ,

ಈ ಕಾಗದ ಓದದೆ ಹರಿದರೂ ನನಗೆ ಬೇಸರವಿಲ್ಲ. ಅಂಗಡಿಯಲ್ಲಿ ಆದದ್ದು ನನಗೆ ಹೇಗೆ ಗೊತ್ತಾಯಿತೆಂದು ಕೇಳಬೇಡ.

ಭಾವ ಇಲ್ಲವೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಸುಮ್ಮನೆ ಮಾಡಿ ಕೊಟ್ಟಿದ್ದರೆ ಮುಗಿದಿತ್ತು. ಹಾಗೆ ಮಾಡಲಿಲ್ಲ. ನಿನ್ನ ಗುಟ್ಟನ್ನು ಕಂಡುಹಿಡಿದೆನೆಂದು ಒಳಗೊಳಗೇ ಖುಷಿಪಟ್ಟೆ. ಹಲ್ಲಿನ ಗುರುತು ನೋಡಿ ಡುಲ್ಸಿನಳಿಗೆ ತೋರಿಸಿ ಜಂಬ ಕೊಚ್ಚಿಕೊಂಡೆ. ಹೆಸರು ಬರೆಯುವಾಗ, ಗುಣಪಾಲ ನೋಡಿ ನಗುತ್ತಾನೆ, ಕಳ್ಳ ಸಿಕ್ಕಿಬಿದ್ದ ಎಂದುಕೊಳ್ಳುತ್ತಾನೆ ಎಂದೆಣಿಸಿದೆ. ಅವಳು ಆಗಲೇ, “ಅವರು ಮುಚ್ಚಿದ್ದನ್ನು ನೀವ್ಯಾಕೆ ಬಿಚ್ಚುವುದು?” ಎಂದಿದ್ದಳು. ಹೆಂಗಸಿಗೆ ಎಂತ ಗೊತ್ತು ಎಂದು ಬಾಯಿ ಮುಚ್ಚಿಸಿದೆ. ನನಗೆ ನಾಚಿಕೆಯಾಗುತ್ತಿದೆ. ಕೊಡೆ ರಿಪೇರಿಯವನು ಪ್ರಶ್ನೆ ಕೇಳಬಾರದು ಎಂದು ನಿನಗೆ ಬರೆದವನು ನಾನೇ.

ನಿನ್ನ ಅಪ್ಪ ನನ್ನ ಟೊಪ್ಪಿಗೆ ಮೀನು ಹಾಕಿಸುವಾಗ ನಾನೆಷ್ಟು ಎಳೆದೆನೆಂದು ನೋಡಲಿಲ್ಲ. ಅದು ನನಗೆ ಭಿಕ್ಷೆ ಎಂದು ಒಂದು ದಿನವೂ ಅನಿಸಲಿಲ್ಲ. ಈಗ ಕೇರಿಯವರ ಪಾಲು ನಿನಗೆ ಹಾಗೆ ಅನಿಸುವುದಾದರೆ, ಆಗ ನನ್ನದೂ ಭಿಕ್ಷೆಯೇ ಆಗಿತ್ತಾ? ಇದನ್ನು ವಾದಕ್ಕೆ ಹೇಳುತ್ತಿಲ್ಲ. ಉತ್ತರ ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ಕೋಲು ಬೇಡವಾದರೆ ಒಲೆಗೆ ಹಾಕು. ಬೇಕಾದರೆ ಗಾಯವಾದಲ್ಲಿ ಅರಗು ತುಂಬು, ಇಲ್ಲದಿದ್ದರೆ ಉಪ್ಪುನೀರು ಒಳಗೆ ಹೋಗಿ ಬಿದಿರು ಸೀಳುತ್ತದೆ. ಅರಗಿನ ಕಡ್ಡಿ ಇದರೊಳಗೆ ಇಟ್ಟಿದ್ದೇನೆ.

ಮೌರಿಸ್


ಕಾಪು ಪಡು
24-5-1979

ಮೌರಿಸ್,

ಅರಗು ತುಂಬಿದೆ. ಕೋಲು ಸೀಳಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ನನಗೂ ಗೊತ್ತಿಲ್ಲ. ಕೊಡುವ ಮನೆಯಲ್ಲಿ ಹುಟ್ಟಿದವನಿಗೆ ತೆಗೆದುಕೊಳ್ಳಲು ಕಲಿಸಿದವರಿಲ್ಲ, ಅಷ್ಟೇ ಗೊತ್ತುಂಟು.

ಈಸ್ಟರ್ ಕಳೆದ ಮೇಲೆ ಒಂದು ಬೆಳಗ್ಗೆ ಕೋಲನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಂಡೆಗೆ ಹೋದೆ. ಲೈಟ್‌ಹೌಸಿನ ಆಚೆ, ಯಾರೂ ಬಾರದ ಬದಿಗೆ. ತೋಳಿಗೆ ಪಟ್ಟಿ ಬಿಗಿದೆ. ಮೌರಿಸ್, ಕೋಲು ನನ್ನ ಕೈಯಲ್ಲಿ ಉಂಟೆಂದೇ ಗೊತ್ತಾಗಲಿಲ್ಲ. ಸೀಸ ಹಿಂದೆ ತೂಗುತ್ತದೆ, ತುದಿ ತಾನಾಗಿಯೇ ಎತ್ತಿ ನಿಲ್ಲುತ್ತದೆ. ಎಡಗೈಯಲ್ಲಿ ರೀಲು ಸುತ್ತಿದೆ. ಸಿಗಡಿ ಕಟ್ಟಿದ್ದೆ. ಬಿಸಿಲೇರುವ ಹೊತ್ತಿಗೆ ಬಂಡೆಯ ಬುಡದಿಂದ ಒಂದು ಮುರು ಮೀನು ಹಿಡಿಯಿತು. ಅದು ಎಳೆದದ್ದು ತೋಳಿನಿಂದ ಭುಜದವರೆಗೆ ಬಂತು. ಸತ್ತಿತೆಂದುಕೊಂಡಿದ್ದ ಕೈಗೆ ಮೀನಿನ ಎಳೆತ ಗೊತ್ತಾಯಿತು. ನಾನು ಅತ್ತೆ. ಬಂಡೆಯ ಮೇಲೆ ಯಾರೂ ಇರಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮೀನನ್ನು ಹೆಗಲ ಬೈರಾಸಿನಲ್ಲಿ ಸುತ್ತಿ ಹಿತ್ತಿಲ ದಾರಿಯಿಂದ ತಂದೆ. ಕಮಲ ಮಸಾಲೆ ಅರೆದಳು. ಉಂಡೆ. ಆಮೇಲೂ ಆಗಾಗ ಸಿಕ್ಕಿದೆ. ಯಾರಿಗೂ ಕಾಣುವುದಿಲ್ಲ, ಆ ಬದಿಗೆ ಯಾರೂ ಬರುವುದಿಲ್ಲ.

ಮಳೆ ಹತ್ತಿರ ಬಂತು. ಇನ್ನು ಕಡಲಿನ ಅಬ್ಬರ ಇಳಿಯುವವರೆಗೆ ಕೋಲು ಅಟ್ಟದಲ್ಲಿ.

ನಿನ್ನ,
ಗುಣಪಾಲ


ಕಾಪು ಪಡು
18-11-1979

ಪ್ರಿಯ ಮೌರಿಸ್,

ಈ ಸಲ ರಂಪಣಿ ಕಡಲಿಗೆ ಇಳಿಯಲಿಲ್ಲ. ಎಳೆಯಲು ಜನ ಸಾಲಲಿಲ್ಲ, ಎಳೆದರೂ ಬರುವ ಮೀನು ಹಗ್ಗದ ಸವಕಳಿಗೆ ಸಾಲಲಿಲ್ಲ. ಬಲೆಯನ್ನು ಬಿಚ್ಚಿ ಅವರವರ ತುಂಡು ಅವರವರಿಗೆ ಕೊಟ್ಟರು. ಈಗ ಕೇರಿಯ ಎಲ್ಲ ಅಟ್ಟಗಳಲ್ಲೂ ಬಲೆ ಉಂಟು, ನನ್ನದೊಂದೇ ಅಲ್ಲ. ಇದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ನಿನ್ನೆ ಸಂಜೆ ಲೀಲಾಧರ ಬಂದ. ಮೊದಲ ಸಲ ಬುಟ್ಟಿ ಇಲ್ಲದೆ ಬಂದ. ಜಗಲಿಯಲ್ಲಿ ಕೂರೆಂದರೆ ಕೂರಲಿಲ್ಲ, ಅಂಗಳದಲ್ಲಿ ನಿಂತು ನೆಲ ನೋಡುತ್ತ, “ಗುಣಪಾಲಣ್ಣ, ಒಂದು ವಿಷಯ ಉಂಟು. ನಿಮಗೆ ಬಂದ ಹಾಗೆ ನನಗೂ ಒಬ್ಬ ಭಾವ ಬಂದಿದ್ದಾನೆ, ಬೊಂಬಾಯಿಯಿಂದ. ಅವನಿಗೆ ಗಾಳದ ಹುಚ್ಚು. ಅಂಥದ್ದು ಒಂದು ಕೋಲು ಎಲ್ಲಿ ಮಾಡಿಸಬಹುದು?” ಎಂದ.

ಗೇಲಿ ಮಾಡುತ್ತಿದ್ದಾನೆಂದು ನನಗೆ ಸಿಟ್ಟು ನೆತ್ತಿಗೇರಿತು. ಮುಖ ನೋಡಿದೆ. ಗೇಲಿ ಇರಲಿಲ್ಲ. ಬಲಭುಜವನ್ನು ಒಂದು ಬದಿಗೆ ಒರಗಿಸಿ ನಿಂತಿದ್ದ. ವರ್ಷಗಟ್ಟಲೆ ಯಜಮಾನನ ಮುಂಚೂಣಿಯ ಹಗ್ಗ ಎಳೆದ ಭುಜ. ಅಂಥ ಭುಜ ಇಟ್ಟುಕೊಂಡು ಬುಟ್ಟಿ ಹಿಡಿದು ನನ್ನ ಜಗಲಿಗೆ ಬರುತ್ತಿದ್ದ, ನಾನು ಒಂದು ದಿನವೂ ಅದನ್ನು ನೋಡಿರಲಿಲ್ಲ.

“ನನ್ನ ಕೋಲು ನೀನು ಎಲ್ಲಿ ನೋಡಿದ್ದು?” ಎಂದು ಕೇಳಿದೆ.

“ಬೇಸರ ಮಾಡಬೇಡಿ. ನೀವು ಬಂಡೆಗೆ ಹೋಗುವುದು ಎಲ್ಲರಿಗೂ ಗೊತ್ತುಂಟು. ನೀವು ಕೂತಿರುವಾಗ ನಾವು ಆ ಬದಿಗೆ ಬರುವುದಿಲ್ಲ. ಮಕ್ಕಳಿಗೂ ಹೇಳಿದ್ದೇವೆ.”

ಮೌರಿಸ್, ಯಾರಿಗೂ ಕಾಣುವುದಿಲ್ಲವೆಂದು ನಿನಗೆ ಬರೆದಿದ್ದೆನಲ್ಲ. ಇಡೀ ಕೇರಿ ನನಗಾಗಿ ದಾರಿ ಬದಲಿಸಿ ಸುತ್ತುಹಾಕಿ ನಡೆದಿದೆ. ಅವರು ಕೊಟ್ಟ ಮೀನು ಬೇಡವೆಂದು ಗಂಜಿ ಉಂಡವನು ನಾನು. ಅವರು ಕೊಟ್ಟ ಮರೆಯಲ್ಲಿ ಅಷ್ಟು ದಿನ ಕುಳಿತಿದ್ದೆ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು, ಅಂಗಳದಲ್ಲಿ ಅವನು ಸುಳ್ಳು ಹೇಳಿ ನಿಂತದ್ದು ನೋಡಿ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಆ ಭಾವನನ್ನು ಅವನಿಗೆ ಕಲಿಸಿದ್ದು ನಾನು. ಗಾಳ ಹಿಡಿಯುವುದು ಮುಚ್ಚಿಡಬೇಕಾದ ಕೆಲಸವೆಂದು ಕೇರಿಗೆಲ್ಲ ತೋರಿಸಿಕೊಟ್ಟದ್ದು ನಾನು.

ಒಳಗೆ ಹೋಗಿ ಕೋಲು ತಂದೆ. ಬಲಗೈಗೆ ಯಾವಾಗಲೂ ಸುತ್ತಿಕೊಳ್ಳುವ ಬೈರಾಸನ್ನು ತೆಗೆದೆ. ಅವನ ಎದುರಿನಲ್ಲೇ ಪಟ್ಟಿ ಬಿಗಿದು ತೋರಿಸಿದೆ. ಅವನು ನನ್ನ ಕೈ ನೋಡಿದ. ಇಷ್ಟು ದಿನ ನಾನೇ ಅವನಿಗೆ ಕಾಣಲು ಬಿಟ್ಟಿರಲಿಲ್ಲ. ಕಮಲ ಬಾಗಿಲಿನಲ್ಲಿ ನಿಂತಿದ್ದಳು, ಒಳಗೆ ಹೋದಳು.

“ನಿನ್ನ ಭಾವನಿಗೆ ಕೈ ಎಷ್ಟು ಮೇಲೆ ಬರುತ್ತದೆ?” ಎಂದು ಕೇಳಿದೆ.

ಲೀಲಾಧರ ತನ್ನ ಬಲಗೈ ಎತ್ತಿದ. ಎದೆಯವರೆಗೆ ಬಂದು ನಿಂತಿತು. “ಇಷ್ಟು” ಎಂದ.

ಆಮೇಲೆ ಅವನನ್ನು ಕೂರಿಸಿ ಅಳತೆ ತೆಗೆದೆ. ದಾರ ಇದರ ಜೊತೆ ಉಂಟು; ಗಂಟು ಕಮಲ ಹಾಕಿದ್ದು. ಮುಷ್ಟಿ ಗಟ್ಟಿ, ಪಟ್ಟಿ ಬೇಡ. ಭುಜ ಏಳದ ಕಾರಣ ಮೇಲಿಂದ ಬೀಸಿ ಎಸೆಯಲು ಆಗುವುದಿಲ್ಲ, ಸೊಂಟದ ಹತ್ತಿರದಿಂದ ಎಸೆಯುವ ಹಾಗೆ ಕೋಲು ಗಿಡ್ಡವಾಗಲಿ, ತುದಿ ಮೆದುವಾಗಲಿ. ಬುಡವನ್ನು ಸೊಂಟಕ್ಕೆ ಆನಿಸಲು ಬರಬೇಕು. ಸೀಸ ಅವನ ಬಲೆಯದ್ದೇ ಕಳಿಸಿದ್ದೇನೆ.

ಭಾವನ ಹೆಸರನ್ನು ಅವನೂ ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಕೋಲಿಗೆ ಹೆಸರು ಬರೆಯಬೇಡ, ಜಾಗ ಮಾತ್ರ ಬಿಟ್ಟಿರು.

ನನ್ನ ಕೋಲನ್ನೂ ಇದೇ ಬಸ್ಸಿಗೆ ಹಾಕಿದ್ದೇನೆ. ಅರಗು ತುಂಬಿದ ಜಾಗದ ಮೇಲೆ ನನ್ನ ಹೆಸರು ಇನ್ನೊಮ್ಮೆ ಬರೆ. ಬಿಳಿ ಪೈಂಟು, ದಪ್ಪ ಅಕ್ಷರ. ಬಂಡೆಯ ಮೇಲೆ ಪಕ್ಕದಲ್ಲಿ ಕುಳಿತವನಿಗೆ ಓದಲು ಬರಬೇಕು.

ನಿನ್ನ,
ಗುಣಪಾಲ ಸಾಲ್ಯಾನ್, ಕಾಪು